ಸಂಸಾರಸಮೇತ ಇಟಲಿ ಪ್ರವಾಸ

“ದೇಶ ಸುತ್ತು, ಕೋಶ ಓದು” ಎಂಬ ಗಾದೆ ನಮ್ಮಲ್ಲಿ ಹಳೆಯದು. ಕೋಶ ಓದುವ ಸೌಕರ್ಯ ಈಗ ಹಳ್ಳಿಯ ಮಕ್ಕಳಿಗೂ ಒದಗಿದೆ. ದೇಶ ಸುತ್ತುವ ಅವಕಾಶವೂ ಹಿಂದಿನಷ್ಟು ದುರ್ಲಭವಲ್ಲ. ಮಗನೋ ಮಗಳೋ ಯೂರೋಪಿನಲ್ಲಿ ಉದ್ಯೋಗಕ್ಕಿರುವ ಮನೆಗಳು ನಮ್ಮ ತಾಲ್ಲೂಕಿನಲ್ಲಿಯೇ ಹಲವಾಗಿವೆ. ಆ ಮಕ್ಕಳು ತಂದೆತಾಯಿಗಳನ್ನು ಕರೆಸಿಕೊಂಡು ನಾಲ್ಕು ಊರು ತೋರಿಸಬೇಕೆಂದು ಬಯಸುವುದು ಸಹಜವೇ. ಆದರೆ ತರುಣನೊಬ್ಬ ಬೆನ್ನಿಗೆ ಚೀಲ ಹಾಕಿಕೊಂಡು ಸುತ್ತುವುದು ಬೇರೆ. ವಯಸ್ಸಾದವರೂ ಮಕ್ಕಳೂ ಸೇರಿದ ಸಂಸಾರ ಸುತ್ತುವುದು ಬೇರೆ. ಎರಡನೆಯದಕ್ಕೆ ಬೇಕಾದ ಕೆಲವು ಸೂಚನೆಗಳನ್ನು ಕೊಡುವುದೇ ಈ ಲೇಖನದ ಉದ್ದೇಶ.

ನಾನು ಇಟಲಿಯನ್ನು ಕಣ್ಣಾರೆ ಕಂಡಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನೆರೆಮನೆಯ ನಿವೃತ್ತ ಮೇಷ್ಟ್ರು, ನನಗೆ ಅಕ್ಷರ ಕಲಿಸಿದವರು, ಕಳೆದ ಮೇ ತಿಂಗಳಲ್ಲಿ ಪತ್ನೀಸಮೇತರಾಗಿ ಅಲ್ಲಿಗೆ ಹೋಗಿಬಂದರು. ಅವರ ಮಗಳು ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾರೆ. ಚರಿತ್ರೆಯ ವಿದ್ಯಾರ್ಥಿಯೆಂಬ ಕಾರಣದಿಂದ ಅರ್ಜಿ ತುಂಬುವ, ಊರುಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಹೊರಡುವ ಮುನ್ನ ನಾನು ಓದಿ ತಿಳಿದದ್ದು, ಹಿಂದಿರುಗಿದ ಮೇಲೆ ಅವರು ದಿನಚರಿಯಿಂದ ಓದಿ ಹೇಳಿದ್ದು, ಇವೆರಡೂ ಈ ಬರಹಕ್ಕೆ ಆಧಾರ.

ಮೊದಲನೆಯ ಪ್ರಶ್ನೆ, ಯಾವಾಗ ಹೋಗಬೇಕು? ಇಟಲಿಯಲ್ಲಿ ಜುಲೈ ಮತ್ತು ಆಗಸ್ಟ್ ಉರಿಬಿಸಿಲಿನ ತಿಂಗಳುಗಳು. ಯೂರೋಪಿನವರ ಬೇಸಗೆ ರಜೆಯೂ ಆಗಲೇ ಬರುವುದರಿಂದ ಜನಸಂದಣಿಯೂ ಹೆಚ್ಚು. ಕಲ್ಲು ಹಾಸಿದ ಚೌಕಗಳಲ್ಲಿ ನೆರಳಿಲ್ಲ. ನೆರೆಯ ಗ್ರೀಸಿನಲ್ಲಿ 2023ರ ಜುಲೈ ತಿಂಗಳ ಬಿಸಿಗಾಳಿಯ ದಿನಗಳಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಅನ್ನೇ ನಡುಹಗಲಿನಲ್ಲಿ ಮುಚ್ಚಬೇಕಾಯಿತು. ಈ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ನಮ್ಮ ಶಾಲೆಗಳ ರಜೆ ಏಪ್ರಿಲ್-ಮೇ ತಿಂಗಳಲ್ಲಿ ಮತ್ತು ದಸರೆಯಲ್ಲಿ. ದಕ್ಷಿಣ ಯೂರೋಪಿನಲ್ಲಿ ತಿರುಗಾಡಲು ಹಿತವಾದ ಕಾಲವೂ ಅವೇ. ಮೇ ತಿಂಗಳಲ್ಲಿ ರಾತ್ರಿ ಎಂಟರವರೆಗೂ ಬೆಳಕಿರುತ್ತದೆ. ಆದುದರಿಂದ ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ವಿಶ್ರಾಂತಿ, ಸಂಜೆ ಮತ್ತೊಂದು ಸುತ್ತು ಎಂದು ದಿನವನ್ನು ಭಾಗಿಸಿಕೊಳ್ಳಬಹುದು. ಈಸ್ಟರ್ ವಾರವನ್ನೂ, ಅಲ್ಲಿಯ ರಾಷ್ಟ್ರೀಯ ರಜೆಗಳಾದ ಏಪ್ರಿಲ್ 25 ಮತ್ತು ಮೇ 1ನ್ನೂ ತಪ್ಪಿಸುವುದು ಮೇಲು.

ಎರಡನೆಯದು ಕಾಗದಪತ್ರಗಳು. ಇಟಲಿಯು ಷೆಂಗೆನ್ ಒಕ್ಕೂಟಕ್ಕೆ ಸೇರಿದೆ. ಈ ಒಕ್ಕೂಟದ 29 ರಾಷ್ಟ್ರಗಳಿಗೆ ಒಂದೇ ವೀಸಾ ಸಾಕು. 180 ದಿನಗಳ ಅವಧಿಯಲ್ಲಿ 90 ದಿನ ಮೀರದಂತೆ ಇರಬಹುದು. ಆದರೆ ಅರ್ಜಿಯನ್ನು ಯಾವ ರಾಷ್ಟ್ರಕ್ಕೆ ಹಾಕಬೇಕೆಂಬಲ್ಲಿ ಹಲವರು ಎಡವುತ್ತಾರೆ. ಹೆಚ್ಚು ದಿನ ತಂಗುವ ದೇಶಕ್ಕೇ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಷ್ಟ್ರು ಮಗಳ ಮನೆಯಲ್ಲಿ ನಾಲ್ಕು ದಿನ, ಇಟಲಿಯಲ್ಲಿ ಹನ್ನೊಂದು ದಿನ ಇರುವವರಾದ್ದರಿಂದ, ಮಗಳು ಜರ್ಮನಿಯಲ್ಲಿದ್ದರೂ ಅರ್ಜಿ ಇಟಲಿಗೇ ಹೋಯಿತು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು; 15 ದಿನಕ್ಕಿಂತ ತಡವಾಗಕೂಡದು. 2024ರ ಜೂನ್ ತಿಂಗಳಿನಿಂದ ಶುಲ್ಕ ವಯಸ್ಕರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45 ಯೂರೋ. ಆರು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ವೀಸಾ ಸಿಕ್ಕದಿದ್ದರೆ ಈ ಹಣ ಹಿಂದಕ್ಕೆ ಬರುವುದಿಲ್ಲ. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಅಲ್ಲಿಂದ ಹೊರಡುವ ದಿನದ ಅನಂತರ ಮೂರು ತಿಂಗಳಾದರೂ ಊರ್ಜಿತವಾಗಿರಬೇಕು. ಎರಡು ಖಾಲಿ ಪುಟಗಳಿರಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇದಲ್ಲದೆ 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖಚಿತ್ರ ತೆಗೆದುಕೊಳ್ಳುವ ಹೊಸ ಏರ್ಪಾಡು ಹಂತಹಂತವಾಗಿ ಆರಂಭವಾಗಿದೆ. ಆದುದರಿಂದ ವಿಮಾನ ಬದಲಿಸುವಲ್ಲಿ ಸಾಕಷ್ಟು ಬಿಡುವಿಟ್ಟುಕೊಳ್ಳಬೇಕು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಎಷ್ಟು ಊರು ನೋಡಬೇಕು? ಪ್ರವಾಸದ ಏಜೆಂಟರೊಬ್ಬರು ಮೇಷ್ಟ್ರಿಗೆ ಕೊಟ್ಟ ಪಟ್ಟಿಯಲ್ಲಿ ಹನ್ನೊಂದು ದಿನಕ್ಕೆ ಎಂಟು ಊರುಗಳಿದ್ದುವು. ಕೂಡಿ ನೋಡಿದಾಗ ಹಗಲಿನ ಅರ್ಧಭಾಗ ಬಸ್ಸಿನಲ್ಲಿಯೇ ಕಳೆಯುತ್ತಿತ್ತು. ಖರ್ಚು ಮಾಡುತ್ತಿದ್ದುದು ಪಿಂಚಣಿಯಲ್ಲಿ ಉಳಿಸಿದ ಹಣ. ಮೇಷ್ಟ್ರ ಪತ್ನಿಗೆ ಮಂಡಿನೋವು. ಮೊಮ್ಮಕ್ಕಳಲ್ಲಿ ಕಿರಿಯವನಿಗೆ ಏಳು ವರ್ಷ. ಇಂತಹ ಸಂಸಾರಕ್ಕೆ ಒಂದೇ ನಿಯಮವೆಂದು ನನಗೆ ತೋರಿತು: ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರ ಹೆಜ್ಜೆಗೆ ಪ್ರವಾಸವನ್ನು ಹೊಂದಿಸಬೇಕು. ಅದರಂತೆ ಎಂಟು ಊರುಗಳು ಮೂರಾದುವು. ರೋಮಿನಲ್ಲಿ ಐದು ರಾತ್ರಿ, ಫ್ಲಾರೆನ್ಸಿನಲ್ಲಿ ಮೂರು, ವೆನಿಸ್ಸಿನಲ್ಲಿ ಮೂರು. ವೇಗದ ರೈಲಿನಲ್ಲಿ ರೋಮಿನಿಂದ ಫ್ಲಾರೆನ್ಸಿಗೆ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ವೆನಿಸ್ಸಿಗೆ ಎರಡು ಗಂಟೆಗೆ ತುಸು ಹೆಚ್ಚು. ವಿಮಾನದಲ್ಲಿ ರೋಮಿಗೆ ಇಳಿದು ವೆನಿಸ್ಸಿನಿಂದ ಹೊರಟುದರಿಂದ, ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯಿತು.

ಮೆಟ್ಟಿಲುಗಳ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಫ್ಲಾರೆನ್ಸಿನ ಮಹಾದೇವಾಲಯದ ಗೋಪುರ ಬ್ರುನೆಲ್ಲೆಸ್ಕಿ ಎಂಬ ಶಿಲ್ಪಿ 15ನೆಯ ಶತಮಾನದಲ್ಲಿ ಕಟ್ಟಿದ ಅದ್ಭುತ. ಆದರೆ ಮೇಲೇರಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ರೋಮಿನ ಸೇಂಟ್ ಪೀಟರ್ ದೇವಾಲಯದ ಗೋಪುರಕ್ಕೆ 551 ಮೆಟ್ಟಿಲು. ಲಿಫ್ಟಿನಲ್ಲಿ ಹೋದರೂ 320 ಮೆಟ್ಟಿಲು ಹತ್ತಲೇಬೇಕು. ವೆನಿಸ್ಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳು, ಬಹುಮಟ್ಟಿಗೆ ಎಲ್ಲಕ್ಕೂ ಮೆಟ್ಟಿಲು. ಅಲ್ಲಿ ಕೂಲಿಯವರನ್ನು ನಂಬಿ ದೊಡ್ಡ ಪೆಟ್ಟಿಗೆ ಒಯ್ಯಬಾರದು. ನೀರಿನ ಬಸ್ಸಿನ ನಿಲ್ದಾಣಕ್ಕೆ ಸಮೀಪವಾದ ವಸತಿಯನ್ನೇ ಹಿಡಿಯಬೇಕು. ರೋಮಿನ ಪ್ಯಾಂಥಿಯನ್ ಮಾತ್ರ ಮುದುಕರಿಗೆ ಸುಲಭ. ಸುಮಾರು 1900 ವರ್ಷ ಹಳೆಯದಾದ ಅದರ ಗುಮ್ಮಟ 43 ಮೀಟರ್ ಅಗಲ. ನೆಲದಲ್ಲಿ ನಿಂತು ಕತ್ತೆತ್ತಿದರೆ ನಡುವಿನ ತೆರೆದ ಕಂಡಿಯಿಂದ ಆಕಾಶ ಕಾಣುತ್ತದೆ. 2023ರ ಜುಲೈಯಿಂದ ಅಲ್ಲಿ ಪ್ರವೇಶಧನವಿದೆ.

ಎಲ್ಲರೂ ಎಲ್ಲವನ್ನೂ ನೋಡಬೇಕೆಂಬ ಕಟ್ಟಳೆಯೂ ಬೇಡ. ಕ್ರಿ.ಶ. 79ರಲ್ಲಿ ವಿಸೂವಿಯಸ್ ಬೆಟ್ಟದ ಬೂದಿಯಲ್ಲಿ ಹುಗಿದುಹೋದ ಪೊಂಪೇಯಿ ನಗರಕ್ಕೆ ರೋಮಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದು. ಆದರೆ ಎರಡು ರೈಲು ಹಿಡಿದು, ಉಬ್ಬುತಗ್ಗಿನ ಕಲ್ಲುಬೀದಿಗಳಲ್ಲಿ ಬಿಸಿಲಿಗೆ ಅಲೆಯಬೇಕು. ಮೇಷ್ಟ್ರ ಅಳಿಯ ಹಿರಿಯ ಮಗಳೊಡನೆ ಅಲ್ಲಿಗೆ ಹೋದರು. ಉಳಿದವರು ರೋಮಿನ ಉದ್ಯಾನವೊಂದರಲ್ಲಿ ಹಗಲು ಕಳೆದರು. ಪೊಂಪೇಯಿಯಲ್ಲಿ 2024ರ ನವೆಂಬರ್‌ನಿಂದ ದಿನಕ್ಕೆ 20,000 ಮಂದಿಗಷ್ಟೇ ಪ್ರವೇಶವೆಂದು ಗೊತ್ತುಮಾಡಿದ್ದಾರೆ.

ಟಿಕೆಟ್ಟುಗಳನ್ನು ಊರಿನಿಂದಲೇ ಕಾದಿರಿಸುವುದು ಅಗತ್ಯ. ಕೊಲೋಸಿಯಂ ಟಿಕೆಟ್ಟಿನ ಮೇಲೆ ನೋಡುವವರ ಹೆಸರೇ ಇರುತ್ತದೆ. ಬಾಗಿಲಲ್ಲಿ ಪಾಸ್‌ಪೋರ್ಟಿನೊಡನೆ ಹೋಲಿಸುತ್ತಾರೆ. ಆದುದರಿಂದ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಬೇಕು. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ಲು ಎಂದು ಹಲವು ಬಗೆಯಾಗಿ ಬರೆಯುವ ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಟಲಿ ಸರ್ಕಾರದ ವಸ್ತುಸಂಗ್ರಹಾಲಯಗಳಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ವ್ಯಾಟಿಕನ್ ಬೇರೆಯೇ ರಾಷ್ಟ್ರವಾದ್ದರಿಂದ ಈ ನಿಯಮ ಅಲ್ಲಿಗೆ ಅನ್ವಯಿಸದು. ಅಲ್ಲಿನ ಸಂಗ್ರಹಾಲಯ ತಿಂಗಳ ಕೊನೆಯ ಭಾನುವಾರದ ಹೊರತು ಉಳಿದ ಭಾನುವಾರಗಳಲ್ಲಿ ಮುಚ್ಚಿರುತ್ತದೆ. ಫ್ಲಾರೆನ್ಸಿನ ಉಫೀಜಿ ಚಿತ್ರಶಾಲೆಗೆ ಸೋಮವಾರ ರಜ. ವೆನಿಸ್ ನಗರ 2024ರಿಂದ ಕೆಲವು ದಿನಗಳಲ್ಲಿ ಹಗಲಿಗೆ ಬಂದು ಹೋಗುವವರಿಂದ ಪ್ರವೇಶಶುಲ್ಕ ಪಡೆಯತೊಡಗಿತು. ಆ ನಗರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ತಂಗುವವರಿಗೆ ಇದರಿಂದ ವಿನಾಯಿತಿಯುಂಟು. ದೇವಾಲಯಗಳಲ್ಲಿ ಭುಜ ಮತ್ತು ಮಂಡಿ ಮುಚ್ಚಿರಬೇಕು. ಸೀರೆ ಉಟ್ಟವರಿಗೆ ಈ ತೊಂದರೆಯೇ ಇಲ್ಲ. ಚಡ್ಡಿ ತೊಟ್ಟ ಮೊಮ್ಮಕ್ಕಳಿಗೆ ಒಂದು ಪಂಚೆಯೋ ಶಾಲೋ ಚೀಲದಲ್ಲಿರಲಿ.

ಊಟದ ವಿಷಯ ನಮ್ಮವರಿಗೆ ದೊಡ್ಡದು. ಸಸ್ಯಾಹಾರಿಗಳು ತಿಳಿಯಬೇಕಾದ ಒಂದು ಸಂಗತಿಯೆಂದರೆ, ಅಲ್ಲಿಯ ಪ್ರಸಿದ್ಧ ಪಾರ್ಮೆಸಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ವಸ್ತುವಿನಿಂದ ಹೆಪ್ಪುಗಟ್ಟಿಸುತ್ತಾರೆ. ಅದು ಬೇಡವೆನ್ನುವವರಿಗೆ ಮರಿನಾರಾ ಪಿಜ್ಜಾ ಇದೆ. ಟೊಮೇಟೊ, ಬೆಳ್ಳುಳ್ಳಿ, ಎಣ್ಣೆಗಳಷ್ಟೇ ಇರುವ ಈ ಪಿಜ್ಜಾದಲ್ಲಿ ಚೀಸ್ ಇರದು. ಬೆಳ್ಳುಳ್ಳಿ-ಎಣ್ಣೆಯ ಪಾಸ್ತಾವೂ ಸಿಗುತ್ತದೆ. “ಸೆಂತ್ಸಾ ಕಾರ್ನೆ” ಎಂದರೆ ಮಾಂಸವಿಲ್ಲದೆ, “ಸೆಂತ್ಸಾ ಪೆಶ್ಶೆ” ಎಂದರೆ ಮೀನಿಲ್ಲದೆ. ತರಕಾರಿಯ ಸಾರೆಂದು ಕೊಟ್ಟರೂ ಮಾಂಸ ಬೇಯಿಸಿದ ನೀರು ಸೇರಿರಬಹುದಾದ್ದರಿಂದ ಕೇಳಿಯೇ ತೆಗೆದುಕೊಳ್ಳಬೇಕು. ರಾತ್ರಿಯ ಊಟ ಅಲ್ಲಿ ಏಳೂವರೆಯ ಹೊತ್ತಿಗೆ ಮೊದಲಾಗುತ್ತದೆ; ಮಕ್ಕಳಿಗೆ ಸಂಜೆಗೆ ತಿಂಡಿ ಕೈಯಲ್ಲಿರಬೇಕು. ಚಟ್ನಿಪುಡಿ, ಹುರಿದ ಅವಲಕ್ಕಿ ಒಯ್ಯಬಹುದು. ಆದರೆ ತುಪ್ಪ ಮೊದಲಾದ ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ತರಕೂಡದೆಂಬುದು ಯೂರೋಪಿನ ಒಕ್ಕೂಟದ ಕಾನೂನು. ಮಗಳಿಗೆಂದು ಕಟ್ಟಿಟ್ಟ ಮಾವಿನಹಣ್ಣಿಗೂ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಮೇಜಿನ ಮುಂದೆ ಕುಳಿತರೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ನೀರಿಗೆ ಮಾತ್ರ ರೋಮ್ ಉದಾರಿ. 1874ರಿಂದ ನಿಲ್ಲಿಸಿದ “ನಾಸೋನಿ” ಎಂಬ ಬೀದಿನಲ್ಲಿಗಳು ನಗರದಲ್ಲಿ ಸುಮಾರು 2,500 ಇವೆ. ಅವುಗಳಲ್ಲಿ ಕುಡಿಯುವ ನೀರು ಸದಾ ಹರಿಯುತ್ತಿರುತ್ತದೆ.

ಸುರಕ್ಷತೆಯ ಬಗ್ಗೆ ಎರಡು ಮಾತು. ರೋಮಿನ ದೊಡ್ಡ ರೈಲುನಿಲ್ದಾಣದಲ್ಲಿಯೂ ತುಂಬಿದ ಬಸ್ಸುಗಳಲ್ಲಿಯೂ ಜೇಬುಗಳ್ಳರ ಕಾಟವಿದೆ. ಪಾಸ್‌ಪೋರ್ಟಿನ ನಕಲನ್ನು ಬೇರೆ ಚೀಲದಲ್ಲಿಡಬೇಕು. ಪಾಸ್‌ಪೋರ್ಟು ಕಳೆದರೆ ರೋಮಿನಲ್ಲಿ ನಮ್ಮ ರಾಯಭಾರ ಕಚೇರಿಯೂ ಮಿಲಾನಿನಲ್ಲಿ ಕಾನ್ಸಲ್ ಕಚೇರಿಯೂ ಇವೆ. ತುರ್ತು ಸಹಾಯಕ್ಕೆ 112. ನಿತ್ಯ ಸೇವಿಸುವ ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಒಯ್ಯಬೇಕು. ಅಲ್ಲಿಯ ಔಷಧಿ ಅಂಗಡಿಗೆ ಹಸಿರು ಶಿಲುಬೆಯ ಗುರುತಿರುತ್ತದೆ.

ಕಡೆಯದಾಗಿ, ಪುಸ್ತಕಗಳಲ್ಲಿ ಮುಖ್ಯವೆಂದು ಹೇಳದ ಒಂದೆರಡು ಸ್ಥಳಗಳನ್ನೂ ನಮ್ಮ ಕಾರಣಕ್ಕಾಗಿ ನೋಡಬೇಕು. ಪಿಯೆತ್ರೊ ದೆಲ್ಲ ವಾಲೆ ಎಂಬ ರೋಮಿನ ಶ್ರೀಮಂತ 1623ರಲ್ಲಿ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನೂ ಉಳ್ಳಾಲದ ರಾಣಿಯನ್ನೂ ಕಂಡು ಬರೆದಿಟ್ಟ. 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡ ಪತ್ನಿ ಮಾನಿಯ ದೇಹವನ್ನು ಆತ ಪೆಟ್ಟಿಗೆಯಲ್ಲಿರಿಸಿ ಆ ಪ್ರವಾಸದುದ್ದಕ್ಕೂ ಜೊತೆಗೇ ಒಯ್ಯುತ್ತಿದ್ದ. 1627ರಲ್ಲಿ ಆಕೆಯ ಅಂತ್ಯಕ್ರಿಯೆ ನಡೆದುದು ರೋಮಿನ ಅರಾಚೇಲಿ ದೇವಾಲಯದಲ್ಲಿ. ಮುಂದೆ ಆತನನ್ನೂ ಅಲ್ಲಿಯೇ ಹೂಳಿದರು. ಅದರ ಮುಂದೆ 124 ಮೆಟ್ಟಿಲುಗಳಿವೆ. ಪಕ್ಕದ ಕ್ಯಾಪಿಟಲ್ ಗುಡ್ಡದ ಇಳಿಜಾರು ದಾರಿಯಿಂದ ಹೋಗಿ ಪಕ್ಕದ ಬಾಗಿಲಿನಿಂದ ಒಳಹೊಕ್ಕರೆ ಶ್ರಮ ಕಡಿಮೆ. ಮೇಷ್ಟ್ರ ಪತ್ನಿ ಕೊಲೋಸಿಯಂನಲ್ಲಿ ಅರ್ಧಕ್ಕೇ ಕುಳಿತುಬಿಟ್ಟರಂತೆ. ಈ ದೇವಾಲಯಕ್ಕೆ ಮಾತ್ರ ಮಂಡಿ ಹಿಡಿದುಕೊಂಡೇ ಹತ್ತಿದರಂತೆ. ವೆನಿಸ್ಸಿನಲ್ಲಿ ನಿಂತಾಗ, 1420ರ ಸುಮಾರಿಗೆ ವಿಜಯನಗರವನ್ನು ನೋಡಿದ ನಿಕೊಲೊ ಕಾಂಟಿ ಆ ನಾಡಿನ ವರ್ತಕನೆಂಬುದನ್ನು ಮಕ್ಕಳಿಗೆ ಹೇಳಬಹುದು.

ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಬಹುಮಂದಿಯ ತಂದೆತಾಯಿಗಳು ಧರ್ಮಸ್ಥಳ, ತಿರುಪತಿಗಳಾಚೆ ಹೋದವರಲ್ಲ. ಮುಂದೊಂದು ದಿನ ಅವರನ್ನು ದೂರದೇಶಕ್ಕೆ ಕರೆದೊಯ್ಯುವ ಭಾಗ್ಯ ನಮ್ಮಲ್ಲಿ ಕೆಲವರಿಗಾದರೂ ಬಂದೀತು. ಆಗ ಊರುಗಳ ಪಟ್ಟಿಯನ್ನು ಬರೆಯುವ ಮೊದಲು, ಅವರು ದಿನಕ್ಕೆ ಎಷ್ಟು ದೂರ ನಡೆಯಬಲ್ಲರು, ಏನು ಉಣ್ಣಬಲ್ಲರು, ಏನನ್ನು ನೋಡಲು ಆಸೆಪಡುತ್ತಾರೆ ಎಂಬುದನ್ನು ಅವರನ್ನೇ ಕೇಳಿ ತಿಳಿದುಕೊಳ್ಳೋಣ. ಉಳಿದ ಏರ್ಪಾಡುಗಳೆಲ್ಲ ಆಮೇಲೆ.