ಒಂದೇ ಕಿಕ್ಕಿಗೆ ಜಾವಾ

ಜಾವಾ ಸ್ಟಾರ್ಟ್ ಮಾಡಲು ಕಾಲಿನಲ್ಲಿ ಕಸುವು ಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಳಗಿನ ಹೊತ್ತು ಒದ್ದು ಒದ್ದು ಸುಸ್ತಾಗಿ, ಶರ್ಟಿನ ತೋಳಲ್ಲಿ ಬೆವರು ಒರೆಸಿಕೊಂಡು, ಕೊನೆಗೆ ಬೀದಿಯ ಹುಡುಗರನ್ನು ಕರೆದು ಗಾಡಿ ತಳ್ಳಿಸುತ್ತಿದ್ದವರನ್ನು ಕಂಡು ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳು ಮಾತ್ರ ಇದನ್ನು ಒಪ್ಪುವುದಿಲ್ಲ. ಅರವತ್ತು ದಾಟಿದವರು ಹವಾಯಿ ಚಪ್ಪಲಿಯ ಕಾಲಿನಲ್ಲೇ ಲಿವರನ್ನು ಮೆಲ್ಲಗೆ ಅದುಮಿ, ಎಲ್ಲೋ ಒಂದು ಕಡೆ ನಿಲ್ಲಿಸಿ, ಅಲ್ಲಿಂದ ಒಂದೇ ಸಲ ಕೆಳಗಿಳಿಸುತ್ತಾರೆ. ಇಂಜಿನ್ ಏಳುತ್ತದೆ. ಆ ‘ಎಲ್ಲೋ ಒಂದು ಕಡೆ’ ಎಲ್ಲಿ ಎಂದು ಕಾಲಿಗೆ ಗೊತ್ತಾಗುವುದೇ ಅರ್ಧ ವಿದ್ಯೆ. ಗಾಡಿಯನ್ನು ಆ ಒಂದು ಕಿಕ್ಕಿಗೆ ಸಿದ್ಧವಾಗಿ ಇಟ್ಟುಕೊಳ್ಳುವುದು ಉಳಿದರ್ಧ.

ಈ ವಿದ್ಯೆ ಮೈಸೂರಿನಲ್ಲಿ ಬೇರು ಬಿಟ್ಟದ್ದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ. ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕು ಕೊಂಡು ಕಟ್ಟಿದ ಸಂಸ್ಥೆ ಜಾವಾ. ಆ ಗಾಡಿಯನ್ನು ಪರವಾನಗಿ ಪಡೆದು ಇಲ್ಲಿ ತಯಾರಿಸಲು ಮುಂಬೈಯ ಇರಾನಿ ಕುಟುಂಬ ಮುಂದಾಯಿತು. ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಸಿಕ್ಕಿತು. 1961ರಲ್ಲಿ ಮೈಸೂರಿನ ಜಾವಾ ರಸ್ತೆಗಿಳಿಯಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ರೋಡ್‌ಕಿಂಗ್, ಸಿಎಲ್ ಟೂ, ಮೊನಾರ್ಕ್ ಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕೆಲಸ ಹೋದವರಲ್ಲಿ ಕೆಲವರು ಸ್ಪ್ಯಾನರ್ ಹಿಡಿದೇ ಸಂಸಾರ ಸಾಗಿಸಿದರು. ಕಾರ್ಖಾನೆಯ ಸಾಲಿನಲ್ಲಿ ನಿಂತು ಕಲಿತದ್ದು ಹೀಗೆ ಓಣಿಯ ಗ್ಯಾರೇಜುಗಳಿಗೆ ಇಳಿದು ಬಂತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದಿವೆ. ಅವು ಫೋರ್ ಸ್ಟ್ರೋಕ್, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುತ್ತವೆ. ಇಲ್ಲಿನ ಮಾತು ಹಳೆಯವುಗಳದ್ದು.

ಹಳೆಯ ಜಾವಾದ ಇಂಜಿನ್ ನೋಡಲು ತೀರಾ ಸರಳ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಆದ್ದರಿಂದ ವಾಲ್ವುಗಳ ಗೊಡವೆಯೇ ಇಲ್ಲ. ಗೇರ್ ಲಿವರೇ ಕಿಕ್ಕರ್ ಕೂಡ. ಎಡಗಡೆಯ ಆ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರಿನ ಸಂಬಂಧ ಕಳಚಿ ಕಿಕ್ಕರ್ ಆಗುತ್ತದೆ. ಗಾಡಿ ಎದ್ದ ಮೇಲೆ ಮುಂದಕ್ಕೆ ತಂದರೆ ಮತ್ತೆ ಗೇರ್ ಲಿವರ್. ಪೂರ್ತಿ ಒಳಕ್ಕೆ ಒತ್ತದೆ ಒದ್ದರೆ ಹಲ್ಲು ಸವೆಯುತ್ತದೆ. ಸವೆದ ಕಿಕ್ಕರ್ ನಡುವಲ್ಲೇ ಜಾರಿ ಮೊಣಕಾಲಿಗೆ ಪೆಟ್ಟು ಕೊಡುತ್ತದೆ.

ತಣ್ಣಗಿರುವ ಗಾಡಿಯನ್ನು ಎಬ್ಬಿಸುವ ಕ್ರಮ ಹೀಗಿದೆ. ಪೆಟ್ರೋಲ್ ಕಾಕ್ ತೆರೆದು ಅರೆ ನಿಮಿಷ ಬಿಡಬೇಕು, ಕಾರ್ಬೊರೇಟರಿನ ಬಟ್ಟಲು ತುಂಬಲಿ. ಹಳೆಯ ಯಿಕೊವ್ ಕಾರ್ಬೊರೇಟರ್ ಇದ್ದರೆ ಅದರ ಟಿಕ್ಲರ್ ಗುಂಡಿಯನ್ನು ಪೆಟ್ರೋಲ್ ಒಸರುವವರೆಗೆ ಒತ್ತಬೇಕು. ಚೋಕ್ ಇರುವ ಮಾಡೆಲ್ ಆದರೆ ಚೋಕ್ ಹಾಕಬೇಕು. ಕೀ ಹಾಕದೆಯೇ ಎರಡು ಸಲ ನಿಧಾನವಾಗಿ ಕಿಕ್ಕರ್ ಇಳಿಸಿದರೆ ಪೆಟ್ರೋಲ್ ಮಿಶ್ರಿತ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಕೀ. ಕಿಕ್ಕರನ್ನು ಮೆಲ್ಲಗೆ ಅದುಮಿದಾಗ ಒಂದು ಕಡೆ ಕಾಲಿಗೆ ತಡೆ ಸಿಗುತ್ತದೆ, ಪಿಸ್ಟನ್ ಕಂಪ್ರೆಶನ್ನಿಗೆ ಬಂದಿದೆ ಎಂದರ್ಥ. ಆ ತಡೆಯನ್ನು ಕೂದಲೆಳೆಯಷ್ಟು ದಾಟಿಸಿ, ಕಿಕ್ಕರನ್ನು ಮೇಲಕ್ಕೆ ಬಿಟ್ಟು, ಅಲ್ಲಿಂದ ಕೊನೆಯವರೆಗೂ ಒಂದೇ ಓಟದಲ್ಲಿ ಇಳಿಸಬೇಕು. ಹೀಗೆ ಮಾಡಿದರೆ ಮುಂದಿನ ಕಂಪ್ರೆಶನ್ನಿಗೆ ಬರುವ ಹೊತ್ತಿಗೆ ಕ್ರ್ಯಾಂಕಿಗೆ ಬೇಕಾದ ವೇಗ ಬಂದಿರುತ್ತದೆ. ಆಕ್ಸಿಲರೇಟರ್ ತೆರೆದೂ ತೆರೆಯದಂತಿರಬೇಕು. ಪೂರ್ತಿ ತಿರುವಿ ಒದೆಯುವುದೇ ಬಹಳ ಮಂದಿ ಮಾಡುವ ತಪ್ಪು.

ಅಳುಕುತ್ತಾ ಅರ್ಧಕ್ಕೇ ಒದೆಯುವುದು ಇನ್ನೊಂದು ತಪ್ಪು. ಟೂ ಸ್ಟ್ರೋಕ್ ಇಂಜಿನ್ನಿನ ಪೋರ್ಟುಗಳಿಗೆ ಹಿಂದು ಮುಂದು ಎಂಬ ಭೇದವಿಲ್ಲ. ಒದೆತ ಸಾಲದೆ ಕಂಪ್ರೆಶನ್ನಿನ ಹತ್ತಿರ ಕ್ರ್ಯಾಂಕ್ ಹಿಂದಕ್ಕೆ ಎಗರಿದರೆ ಇಂಜಿನ್ ಹಿಮ್ಮುಖವಾಗಿ ಓಡತೊಡಗಬಹುದು. ಫಸ್ಟ್ ಗೇರ್ ಹಾಕಿದಾಗ ಗಾಡಿ ಹಿಂದಕ್ಕೆ ಹೋದಾಗಲೇ ಅದು ತಿಳಿಯುವುದು. ಒದ್ದಾಗಲೆಲ್ಲ ಕಿಕ್ಕರ್ ಕಾಲಿಗೆ ತಿರುಗಿ ಬಡಿಯುತ್ತಿದ್ದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಮುಂದಾಗಿದೆ ಎಂದು ಲೆಕ್ಕ. ಅಂಥ ಗಾಡಿಯನ್ನು ಮತ್ತೆ ಒದೆಯಬಾರದು, ಟೈಮಿಂಗ್ ನೋಡಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಗಾಡಿ ಏಳದಿದ್ದರೆ ಜನ ಮೊದಲು ಕೈ ಹಾಕುವುದು ಕಾರ್ಬೊರೇಟರಿಗೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಕೊನೆಗೆ ಕೈ ಹಾಕಬೇಕು. ಹಳೆಯ ಜಾವಾದ ಸ್ಟಾರ್ಟಿಂಗ್ ತೊಂದರೆ ಹೆಚ್ಚಾಗಿ ಇರುವುದು ಬಲಗಡೆಯ ಕವರಿನೊಳಗೆ, ಡೈನಮೊ ಮತ್ತು ಕರೆಂಟ್ ಕಡಿದು ಕಿಡಿ ಹಾರಿಸುವ ಪಾಯಿಂಟುಗಳ ಜಾಗದಲ್ಲಿ.

ಮೊದಲು ಪ್ಲಗ್ ಬಿಚ್ಚಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಕಾಕ್ ಮುಚ್ಚಿ, ಪ್ಲಗ್ ಇಲ್ಲದೆಯೇ ಆಕ್ಸಿಲರೇಟರ್ ಪೂರ್ತಿ ತೆರೆದು ಐದಾರು ಸಲ ಕಿಕ್ಕರ್ ಇಳಿಸಿದರೆ ‘ಓವರ್’ ಆದ ಪೆಟ್ರೋಲ್ ಹೊರಗೆ ಹೋಗುತ್ತದೆ. ಪ್ಲಗ್ಗಿನ ತುದಿಗಳ ನಡುವೆ ಮಸಿಯ ಕಣ ಸೇತುವೆ ಕಟ್ಟಿದ್ದರೆ ಅದೇ ‘ಪ್ಲಗ್ ಶಾರ್ಟ್’. ಒರೆಸಿ, 0.6 ಮಿ.ಮೀ. ಅಂತರ ನೋಡಿ, ಪ್ಲಗ್ಗಿನ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿಟ್ಟು ಕಿಕ್ ಮಾಡಬೇಕು. ಪ್ಲಗ್ಗಿನ ತೂತಿನಿಂದ ದೂರವಿರಲಿ, ಅಲ್ಲಿಂದ ಪೆಟ್ರೋಲಿನ ಆವಿ ಬರುತ್ತಿರುತ್ತದೆ. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಕಿಡಿ ಬಂದರೆ ಕರೆಂಟ್ ಸರಿ ಇದೆ. ಹಳದಿಯ ಬಡಕಲು ಕಿಡಿ ಬಯಲಿನಲ್ಲಿ ಕಂಡರೂ ಕಂಪ್ರೆಶನ್ನಿನ ಒತ್ತಡದೊಳಗೆ ಹಾರುವುದಿಲ್ಲ.

ಈ ಗಾಡಿಗೆ ಕಿಡಿ ಬರುವುದು 6 ವೋಲ್ಟ್ ಬ್ಯಾಟರಿಯಿಂದ. ಕೀ ಹಾಕಿದಾಗ ಹೆಡ್‌ಲೈಟಿನ ಮೇಲಿನ ಕೆಂಪು ದೀಪ ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ, ಎಷ್ಟು ಒದ್ದರೂ ಪ್ರಯೋಜನವಿಲ್ಲ. ಇಂಜಿನ್ ನಿಲ್ಲಿಸಿ ಕೀ ಮರೆತರೆ, ಪಾಯಿಂಟು ಮುಚ್ಚಿಕೊಂಡಿದ್ದ ಪಕ್ಷದಲ್ಲಿ, ಬ್ಯಾಟರಿ ಬರಿದಾಗುವುದಲ್ಲದೆ ಕಾಯಿಲ್ ಕೂಡ ಕಾದು ಕೆಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪ್ಲಗ್ ಕ್ಯಾಪ್ ಮತ್ತು ವೈರಿನ ತೇವವನ್ನು ಒಣ ಬಟ್ಟೆಯಲ್ಲಿ ಒರೆಸಿದರೇ ಎಷ್ಟೋ ಗಾಡಿಗಳು ಏಳುತ್ತವೆ.

ಪಾಯಿಂಟು ಸೆಟ್ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಮೆಕ್ಯಾನಿಕ್ ಕವರ್ ಬಿಚ್ಚಿ, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ, ಪಾಯಿಂಟು ಅತಿ ಹೆಚ್ಚು ತೆರೆಯುವ ಜಾಗದಲ್ಲಿ ನಿಲ್ಲಿಸುತ್ತಾರೆ. 0.4 ಮಿ.ಮೀ. ಗೇಜಿನ ಎಲೆ ತುಸು ಹಿಡಿದುಕೊಂಡು ಜಾರಬೇಕು. ಸ್ಕ್ರೂ ಬಿಗಿ ಮಾಡುವಾಗ ಅಂತರ ಬದಲಾಗುವುದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಎಲೆ ತೂರಿಸುತ್ತಾರೆ. ಆಮೇಲೆ ಪ್ಲಗ್ಗಿನ ತೂತಿಗೆ ಗೇಜ್ ಇಳಿಸಿ, ಅದಿಲ್ಲದಿದ್ದರೆ ಗುರುತು ಹಾಕಿದ ಸೈಕಲ್ಲಿನ ಕಡ್ಡಿಯನ್ನೇ ಇಳಿಸಿ, ಪಿಸ್ಟನ್ ತುತ್ತತುದಿಗೆ ಬರುವ ಜಾಗ ಹಿಡಿಯುತ್ತಾರೆ. ಅಲ್ಲಿಂದ ಮ್ಯಾನ್ಯುಯಲ್ ಹೇಳುವಷ್ಟು ಹಿಂದಕ್ಕೆ. ಪಾಯಿಂಟುಗಳ ನಡುವೆ ಸಿಗರೇಟಿನ ತೆಳು ಕಾಗದದ ಚೂರು ಸಿಕ್ಕಿಸಿ, ಬೆರಳಲ್ಲಿ ಮೆಲ್ಲಗೆ ಎಳೆಯುತ್ತಾ ಕ್ರ್ಯಾಂಕ್ ತಿರುಗಿಸುತ್ತಾರೆ. ಕಾಗದ ಬಿಟ್ಟುಕೊಂಡ ಕ್ಷಣವೇ ಕಿಡಿ ಹಾರುವ ಕ್ಷಣ. ಆ ಕ್ಷಣ ಪಿಸ್ಟನ್ ಇರಬೇಕಾದ ಜಾಗದಲ್ಲಿ ಇದೆಯೇ ಎಂಬುದೇ ಟೈಮಿಂಗ್. ಪಾಯಿಂಟಿನ ಹಿಮ್ಮಡಿ ಸವೆದಂತೆ ಅಂತರ ಕುಗ್ಗಿ ಕಿಡಿ ತಡವಾಗುತ್ತದೆ. ಗಾಡಿ ಒಂದೇ ದಿನದಲ್ಲಿ ಕೆಡದೆ ತಿಂಗಳಿಂದ ತಿಂಗಳಿಗೆ ಮೊಂಡಾಗುತ್ತಾ ಹೋಗುವುದು ಇದರಿಂದಲೇ. ಕ್ಯಾಮಿಗೆ ಒಂದು ಚಿಟಿಕೆ ಗ್ರೀಸ್ ಹಚ್ಚಿದರೆ ಸವೆತ ಬಹಳ ಕಡಿಮೆಯಾಗುತ್ತದೆ.

ಪಾಯಿಂಟಿನ ಕ್ಯಾಮ್ ಕ್ರ್ಯಾಂಕಿನ ತುದಿಯಲ್ಲೇ ಇದೆ. ಕ್ರ್ಯಾಂಕಿನ ಬೇರಿಂಗ್ ಸವೆದು ಅಲುಗಾಡುತ್ತಿದ್ದರೆ ಪಾಯಿಂಟಿನ ಅಂತರ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಬದಲಾಗುತ್ತದೆ. ಅಂಥ ಇಂಜಿನ್ನಿನಲ್ಲಿ ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲದು. ಒಳ್ಳೆಯ ಮೆಕ್ಯಾನಿಕ್ ಸ್ಕ್ರೂ ಡ್ರೈವರ್ ಎತ್ತುವ ಮೊದಲು ಕ್ರ್ಯಾಂಕನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡುತ್ತಾರೆ.

ಬೆಳಗ್ಗೆ ಸಲೀಸಾಗಿ ಎದ್ದ ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿ, ಕಾಫಿಗೆಂದು ನಿಲ್ಲಿಸಿದ ಮೇಲೆ ಏಳುವುದಿಲ್ಲ, ತಣ್ಣಗಾದ ಮೇಲೆ ಮತ್ತೆ ಏಳುತ್ತದೆ ಎಂದಾದರೆ ಸಂಶಯ ಕಂಡೆನ್ಸರ್ ಇಲ್ಲವೆ ಕಾಯಿಲ್ ಮೇಲೆ. ಇಂಜಿನ್ ಓಡುವಾಗ ಪಾಯಿಂಟುಗಳ ನಡುವೆ ಎದ್ದು ಕಾಣುವ ಕಿಡಿ ಹಾರಿ, ಮುಖ ಕಪ್ಪಾಗಿ ಗುಳಿ ಬಿದ್ದಿದ್ದರೆ ಕಂಡೆನ್ಸರೇ ಸರಿ. ಅಂಗಡಿಯವರು ‘ಹಳೇ ಸ್ಟಾಕ್, ಒರಿಜಿನಲ್’ ಎಂದು ಕೊಡುವ ಕಂಡೆನ್ಸರನ್ನು ಕಣ್ಣು ಮುಚ್ಚಿ ನಂಬಬೇಡಿ. ಡಬ್ಬಿಯಲ್ಲಿ ಮೂವತ್ತು ವರ್ಷ ಕೂತದ್ದು ಕೂತಲ್ಲೇ ಕೆಟ್ಟಿರಬಹುದು.

ಕಿಡಿ ಚೆನ್ನಾಗಿದೆ, ಪ್ಲಗ್ ಹೊಸದು, ಪೆಟ್ರೋಲ್ ಬರುತ್ತಿದೆ, ಆದರೂ ಗಾಡಿ ಏಳದು ಎಂದರೆ ಕ್ರ್ಯಾಂಕಿನ ಆಯಿಲ್ ಸೀಲ್ ನೋಡಬೇಕು. ಬಹಳ ಗ್ಯಾರೇಜುಗಳಲ್ಲಿ ಇದನ್ನು ಮರೆಯುತ್ತಾರೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನ ಕೋಣೆಯೂ ಸೈಕಲ್ ಪಂಪಿನಂತೆ ಕೆಲಸ ಮಾಡುತ್ತದೆ: ಪಿಸ್ಟನ್ ಮೇಲೇರುವಾಗ ಕಾರ್ಬೊರೇಟರಿನಿಂದ ಎಳೆದುಕೊಂಡು, ಇಳಿಯುವಾಗ ಸಿಲಿಂಡರಿಗೆ ತಳ್ಳುತ್ತದೆ. ಕ್ರ್ಯಾಂಕಿನ ಎರಡೂ ತುದಿಯ ರಬ್ಬರ್ ಸೀಲುಗಳು ಆ ಕೋಣೆಯನ್ನು ಗಾಳಿಯಾಡದಂತೆ ಇಡಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಒಣಗಿ ಬಿರುಸಾಗುತ್ತದೆ. ಬಲಗಡೆಯ ಸೀಲ್ ಹೋದರೆ ಅಲ್ಲಿಂದ ಬರೀ ಗಾಳಿ ನುಗ್ಗಿ ಪೆಟ್ರೋಲಿನ ಎಳೆತ ಕುಂದುತ್ತದೆ. ಕಿಕ್ಕಿನ ನಿಧಾನ ವೇಗದಲ್ಲಿ ಈ ಸೋರಿಕೆ ಹೆಚ್ಚು ಕಾಡುತ್ತದೆ. ತಳ್ಳಿದರೆ ಸ್ಟಾರ್ಟ್ ಆಗುವ, ಒದ್ದರೆ ಆಗದ ಗಾಡಿಗಳ ಗುಟ್ಟು ಅನೇಕ ಸಲ ಇಲ್ಲಿರುತ್ತದೆ. ಎಡಗಡೆಯ ಸೀಲ್ ಹೋದರೆ ಕ್ಲಚ್ ಕಡೆಯ ಆಯಿಲನ್ನೇ ಇಂಜಿನ್ ಹೀರುತ್ತದೆ. ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ ಬಂದು, ಆಯಿಲ್ ಹೊರಗೆ ಸೋರದೆಯೇ ಕಡಿಮೆಯಾಗುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಸೀಲಿನ ಬೆಲೆ ಅಲ್ಪ. ಕೂಲಿಯೂ ದುಬಾರಿಯಲ್ಲ. ಆದರೂ ಸೀಲ್ ನೋಡದೆ ನೇರ ಬೋರ್ ಹೊಡೆಸಿ, ಪಿಸ್ಟನ್ ಹಾಕಿಸಿ ಸಾವಿರಾರು ರೂಪಾಯಿ ಖರ್ಚು ಮಾಡಿ ಮತ್ತೆ ತಳ್ಳುತ್ತಿರುವ ಮಾಲೀಕರನ್ನು ನೋಡಿದರೆ ಸಂಕಟವಾಗುತ್ತದೆ. ಬೋರಿಗೆ ಹೋಗುವ ಮುಂಚೆ ಸೀಲು ಪರೀಕ್ಷಿಸಿ ಎಂದು ಮೆಕ್ಯಾನಿಕ್‌ಗೆ ನೀವೇ ಹೇಳಬೇಕು.

ಕಾರ್ಬೊರೇಟರಿನ ಸರದಿ ಇದಾದ ಮೇಲೆ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆವಿಯಾಗಿ, ಅದಕ್ಕೆ ಬೆರೆಸಿದ 2ಟಿ ಆಯಿಲ್ ಅಂಟಾಗಿ ಉಳಿದು ಸಣ್ಣ ಜೆಟ್ ಮುಚ್ಚುತ್ತದೆ. ಗಾಳಿ ಹೊಡೆದು ಬಿಡಿಸಬೇಕು. ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಜೆಟ್ಟೇ ಹಾಳು. ಆಯಿಲಿನ ಹಳೆಯ ಲೆಕ್ಕ ಲೀಟರಿಗೆ 40 ಮಿ.ಲೀ. ‘ಇಂಜಿನ್ ತಣ್ಣಗಿರಲಿ’ ಎಂದು ಇನ್ನಷ್ಟು ಸುರಿದರೆ ಪ್ಲಗ್ ಒದ್ದೆಯಾಗುತ್ತದೆ, ಅಷ್ಟೆ. ಸರಿಯಾಗಿ ಬೆರೆಯದ ಆಯಿಲ್ ಟ್ಯಾಂಕಿನ ತಳಕ್ಕಿಳಿದು ಬೆಳಗಿನ ಮೊದಲ ಕಿಕ್ಕಿಗೆ ಅದೇ ಕಾರ್ಬೊರೇಟರಿಗೆ ಬರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ಓಡಿಸದ ಗಾಡಿಯಲ್ಲಿ ಅದನ್ನು ತುಂಬಿಸಿಡಬಾರದು. ಮನೆ ತಲುಪುವ ಮುಂಚೆ ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸುವ ಹಳಬರ ಅಭ್ಯಾಸ ಇವತ್ತಿಗೆ ಇನ್ನೂ ಹೆಚ್ಚು ಬೇಕಾದದ್ದು. ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೂ ಸ್ಟಾರ್ಟಿಂಗ್ ಕೆಡುತ್ತದೆ. ಹಿಂಬದಿ ಬಿಚ್ಚಿ ಕೆರೆಸಬೇಕು.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಮೈಸೂರು, ಬೆಂಗಳೂರುಗಳಲ್ಲಿ ಅಂದು ಹಳೆಯ ಗಾಡಿಗಳೆಲ್ಲ ಬೀದಿಗೆ ಬರುತ್ತವೆ. ಹೊಳೆಯುವ ಕ್ರೋಮ್ ನೋಡಿ ಬಂದುಬಿಡಬೇಡಿ. ಹೊರಡುವ ಹೊತ್ತಿಗೆ ನಿಂತು, ಯಾರ ಗಾಡಿ ಒಂದೇ ಕಿಕ್ಕಿಗೆ ಏಳುತ್ತದೆ ನೋಡಿ, ಅದನ್ನು ಸಿದ್ಧ ಮಾಡಿದ ಮೆಕ್ಯಾನಿಕ್ ಯಾರೆಂದು ಕೇಳಿ ತಿಳಿದುಕೊಳ್ಳಿ. ಕಾರ್ಖಾನೆ ಮುಚ್ಚಿದಾಗ ಯುವಕರಾಗಿದ್ದವರಿಗೆ ಈಗ ವಯಸ್ಸಾಗಿದೆ. ಅವರ ಪಕ್ಕದಲ್ಲಿ ಕೂತು ಪಾಯಿಂಟು ಸೆಟ್ ಮಾಡುವುದನ್ನು ಕಲಿಯಲು ಉಳಿದಿರುವ ಕಾಲ ಹೆಚ್ಚಿಲ್ಲ.

ನಿಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪನದೋ ಅಜ್ಜನದೋ ಜಾವಾ ನಿಂತಿದ್ದರೆ ಗುಜರಿಯವನಿಗೆ ತೂಕಕ್ಕೆ ಕೊಡಬೇಡಿ. ಆರ್.ಸಿ. ಪುಸ್ತಕ ಹುಡುಕಿ ಎತ್ತಿಡಿ. ಟ್ಯಾಂಕಿನ ಹಳೆಯ ಪೆಟ್ರೋಲ್ ಚೆಲ್ಲಿಸಿ, ಎರಡು ಸೀಲು, ಒಂದು ಜೊತೆ ಪಾಯಿಂಟು, ಒಂದು ಕಂಡೆನ್ಸರ್, ಒಂದು ಪ್ಲಗ್, ಒಂದು ಬ್ಯಾಟರಿ ಹಾಕಿಸಿ. ಇವೆಲ್ಲ ಇವತ್ತಿಗೂ ಸಿಗುತ್ತವೆ.