ಅಕ್ಕನ ವಾಲ್ವಿಗೆ ಎಷ್ಟು ವರ್ಷ ಆಯುಷ್ಯ?

ಹೈದರಾಬಾದಿನಲ್ಲಿ ಮನೆ ಮಾಡಿಕೊಂಡಿರುವ ರಾಯಚೂರು, ಬೀದರ್, ಯಾದಗಿರಿ ಕಡೆಯವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಊರಲ್ಲಿ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಮೊದಲ ಫೋನು ನಮಗೇ. ಕಾಚಿಗುಡ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು, ಡಾಕ್ಟರು ತೆಲುಗು-ಇಂಗ್ಲಿಷ್ ಬೆರೆಸಿ ಹೇಳಿದ್ದನ್ನು ನಮ್ಮ ಕನ್ನಡಕ್ಕೆ ತಿರುಗಿಸಿ ಹೇಳಬೇಕು. ಇಪ್ಪತ್ತು ವರ್ಷದಿಂದ ಈ ದುಭಾಷಿ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಒಮ್ಮೆ ಎಡವಿದ್ದು ನನ್ನ ಸ್ವಂತ ಅಕ್ಕನ ವಿಷಯದಲ್ಲಿ.

2011ರಲ್ಲಿ ಅಕ್ಕನಿಗೆ 41 ವರ್ಷ. ಚಿಕ್ಕಂದಿನಲ್ಲಿ ಗಂಟಲು ಬೇನೆ, ಆಮೇಲೆ ಕೀಲು ಬಾವು ಬಂದು ಹೋಗಿದ್ದವು. ಅದು ರುಮ್ಯಾಟಿಕ್ ಜ್ವರ ಎಂದು ಊರಲ್ಲಿ ಯಾರಿಗೆ ಗೊತ್ತಿತ್ತು? ಕೀಲು ನೆಕ್ಕಿ ಹೃದಯ ಕಚ್ಚುವ ಜ್ವರ ಎಂದು ಡಾಕ್ಟರುಗಳು ಹೇಳುವುದು ಇದಕ್ಕೇ. ಅಕ್ಕನ ಎಡಭಾಗದ ಮೈಟ್ರಲ್ ವಾಲ್ವ್ ಗಟ್ಟಿಯಾಗಿ ಕಿರಿದಾಗಿತ್ತು. ಇಲ್ಲಿನ ಒಂದು ಆಸ್ಪತ್ರೆಯಲ್ಲಿ (ಹೆಸರು ಬೇಡ) ವಾಲ್ವ್ ಬದಲಿಸಬೇಕೆಂದರು. "ಟಿಶ್ಯೂ ವಾಲ್ವ್ ಹಾಕ್ತೇವೆ. ಮೊದಲ ಕೆಲವು ತಿಂಗಳು ಬಿಟ್ಟರೆ ರಕ್ತ ತೆಳು ಮಾಡೋ ಮಾತ್ರೆ ಬೇಡ, ಆರಾಮಾಗಿರಬಹುದು" ಎಂದರು. ನಾನು ಅಕ್ಕನಿಗೆ ಹೇಳಿದೆ: "ಮಾತ್ರಿ ಕಾಟ ಇರಂಗಿಲ್ಲಂತ ಅಕ್ಕಾ." ಎಷ್ಟು ವರ್ಷ ಬಾಳುತ್ತದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಒಮ್ಮೆ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ.

2023ರ ಬೇಸಿಗೆಯಲ್ಲಿ ಅಕ್ಕ ಫೋನು ಮಾಡಿದಳು. "ತಮ್ಮಾ, ಮಾಳಗಿ ಮ್ಯಾಲ ಹತ್ತಿದ್ರ ದಮ್ಮು ಹತ್ತಾಕತ್ತದ. ರಾತ್ರಿ ಚಪ್ಪಟಿ ಮಲಗಾಕ ಆಗವಲ್ದು." ಕರೆಸಿ ಎಕೋ ಮಾಡಿಸಿದೆವು. ಹಳೆಯ ವಾಲ್ವಿನ ಎಸಳುಗಳಲ್ಲಿ ಸುಣ್ಣ ಕಟ್ಟಿ, ಒಂದು ಎಸಳು ಹರಿದಿತ್ತು. ಹನ್ನೆರಡು ವರ್ಷಕ್ಕೆ ವಾಲ್ವ್ ಸವೆದಿತ್ತು.

ಟಿಶ್ಯೂ ವಾಲ್ವ್ ಎಂದರೆ ಹಂದಿಯ ಹೃದಯದ ವಾಲ್ವ್, ಇಲ್ಲವೇ ದನದ ಹೃದಯದ ಸುತ್ತ ಇರುವ ಪೊರೆಯಿಂದ ಹೊಲಿದದ್ದು. ಹಸಿ ಅಂಗಾಂಶವನ್ನು ಹಾಗೇ ಹಾಕಿದರೆ ದೇಹ ಒಪ್ಪುವುದಿಲ್ಲ, ಬೇಗ ಕೆಡುತ್ತದೆ. 1960ರ ದಶಕದ ಕೊನೆಗೆ ಪ್ಯಾರಿಸ್ಸಿನ ಸರ್ಜನ್ ಅಲೈನ್ ಕಾರ್ಪೆಂಟಿಯರ್ ಅದನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಹದಮಾಡುವ ದಾರಿ ತೋರಿಸಿದರು, ಚರ್ಮ ಹದಮಾಡಿದ ಹಾಗೆ. ಹದಮಾಡಿದ್ದು ಬಾಳುತ್ತದೆ, ಆದರೆ ಅದಕ್ಕೆ ಜೀವವಿಲ್ಲ, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವುದಿಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತ ಕ್ಯಾಲ್ಸಿಯಂ ಕೂರಿಸಿಕೊಳ್ಳುತ್ತ ಹೋಗುತ್ತದೆ.

ಯಾವ ಪ್ರಾಣಿಯದೆಂದೂ 2011ರಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಮೊಟ್ಟೆಯನ್ನೂ ಮುಟ್ಟದ ಅಕ್ಕ ಈ ಸಲ ಕೇಳಿ ತಿಳಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೆರಡು ವರ್ಷ ಹೊತ್ತು ನಡಸ್ಯದ ಬಿಡು ಪಾಪ" ಎಂದಳು. ಕೆಲವು ಮನೆಗಳಲ್ಲಿ ಇದು ಇಷ್ಟು ಹಗುರವಾಗಿ ಮುಗಿಯುವ ಮಾತಲ್ಲ. ಆಪರೇಷನ್ನಿಗೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಈಗ ವರ್ಷದ ಲೆಕ್ಕ. ಟಿಶ್ಯೂ ವಾಲ್ವ್ 10ರಿಂದ 15 ವರ್ಷ ಬಾಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಕೆಲವರು 20 ಎನ್ನುತ್ತಾರೆ. ಸುಳ್ಳಲ್ಲ. ಆದರೆ ಆ ಅಂಕಿ ಯಾರದು ಎಂದು ನೋಡಬೇಕು. ಬಹುಪಾಲು ಅದು ಅರವತ್ತೈದು, ಎಪ್ಪತ್ತು ದಾಟಿದ ಪಾಶ್ಚಾತ್ಯ ರೋಗಿಗಳ, ಅದರಲ್ಲೂ ಅಯೋರ್ಟಿಕ್ ವಾಲ್ವಿನ ಅಂಕಿ. ವಯಸ್ಸಾದವರಲ್ಲಿ ಸುಣ್ಣ ನಿಧಾನವಾಗಿ ಕಟ್ಟುತ್ತದೆ. ಎಷ್ಟೋ ಸಲ ವಾಲ್ವ್ ಕೆಡುವ ಮೊದಲೇ ಮನುಷ್ಯ ಬೇರೆ ಕಾರಣಕ್ಕೆ ತೀರಿಕೊಳ್ಳುತ್ತಾನೆ. ಆಗ ಕಾಗದದ ಮೇಲೆ ಆ ವಾಲ್ವ್ ಕೊನೆಯ ತನಕ ಕೆಡದೇ ಉಳಿದ ವಾಲ್ವ್! ನಲವತ್ತರ ಹೆಂಗಸಿಗೆ ಆ ಲೆಕ್ಕ ಒಪ್ಪುವುದಿಲ್ಲ. ವಯಸ್ಸು ಕಡಿಮೆಯಾದಷ್ಟೂ ವಾಲ್ವ್ ಬೇಗ ಕೆಡುತ್ತದೆ. ಒತ್ತಡ ಜಾಸ್ತಿ ತಾಳಬೇಕಾದ ಮೈಟ್ರಲ್ ಜಾಗದಲ್ಲಿ ಇನ್ನೂ ಬೇಗ. ರುಮ್ಯಾಟಿಕ್ ಕಾಯಿಲೆ ನಮ್ಮಲ್ಲಿ ಚಿಕ್ಕ ವಯಸ್ಸಿನವರ ಮೈಟ್ರಲ್ ವಾಲ್ವನ್ನೇ ಹೆಚ್ಚು ಹಿಡಿಯುವುದರಿಂದ, ಅಮೆರಿಕದ ಮುದುಕರ ಹದಿನೈದು ವರ್ಷವನ್ನು ರಾಯಚೂರಿನ ಅಕ್ಕನಿಗೆ ಹೇಳುವಾಗ ಡಾಕ್ಟರು ಒಂದು ಕ್ಷಣ ತಡೆಯಬೇಕು. ಹೊಸ ವಾಲ್ವುಗಳ ಜಾಹೀರಾತಿಗೂ ಇದೇ ಮಾತು. ಸುಣ್ಣ ಕಟ್ಟದಂತೆ ಸಂಸ್ಕರಿಸಿದ ಒಂದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2017ರಲ್ಲಿ. ಅದು ಚೆನ್ನಾಗಿರಬಹುದು, ಆದರೆ ಇಪ್ಪತ್ತು ವರ್ಷದ ಪುರಾವೆಗೆ ಇಪ್ಪತ್ತು ವರ್ಷವೇ ಬೇಕು.

ಇನ್ನೊಂದು ಕಡೆ ಲೋಹ, ಕಾರ್ಬನ್ನಿನ ಮೆಕ್ಯಾನಿಕಲ್ ವಾಲ್ವ್. ನಮ್ಮ ದೇಶದ್ದೇ ಒಂದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಚಿತ್ರಾ ವಾಲ್ವನ್ನು 1990ರ ಡಿಸೆಂಬರಿನಲ್ಲಿ ಮೊದಲು ರೋಗಿಗೆ ಅಳವಡಿಸಿದರು. ಮೆಕ್ಯಾನಿಕಲ್ ವಾಲ್ವ್ ಸಾಮಾನ್ಯವಾಗಿ ಸವೆಯುವುದಿಲ್ಲ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಅಸಿಟ್ರೋಮ್, ವಾರ್ಫರಿನ್ ತರದ ಮಾತ್ರೆ ಜೀವನಪೂರ್ತಿ ನುಂಗಬೇಕು, ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮೈಟ್ರಲ್ ಜಾಗದಲ್ಲಿ ಅದು 2.5ರಿಂದ 3.5ರ ನಡುವೆ ನಿಲ್ಲಬೇಕು. ಕಡಿಮೆಯಾದರೆ ಹೆಪ್ಪು, ಲಕ್ವ, ಹೆಚ್ಚಾದರೆ ರಕ್ತಸ್ರಾವ. ವಾರ್ಫರಿನ್ ಬಸುರಿನಲ್ಲಿ ಮಗುವಿಗೆ ಅಪಾಯ. ಆದ್ದರಿಂದ ಮಕ್ಕಳಾಗಬೇಕಿರುವ ಹೆಣ್ಣುಮಕ್ಕಳು ಎರಡನೇ ಆಪರೇಷನ್ ಬರುತ್ತದೆಂದು ಗೊತ್ತಿದ್ದೂ ಟಿಶ್ಯೂ ಆರಿಸಿಕೊಳ್ಳುವುದುಂಟು.

ಮೈಟ್ರಲ್ ಆದರೆ 65ರ ಕೆಳಗಿನವರಿಗೆ ಸಾಮಾನ್ಯವಾಗಿ ಮೆಕ್ಯಾನಿಕಲ್ ಎನ್ನುತ್ತದೆ ಅಮೆರಿಕದ 2020ರ ಮಾರ್ಗಸೂಚಿ. ಅಯೋರ್ಟಿಕ್ ಆದರೆ 50ರ ಕೆಳಗೆ ಮೆಕ್ಯಾನಿಕಲ್, 65ರ ಮೇಲೆ ಟಿಶ್ಯೂ, ನಡುವಿನವರು ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕು. ಆದರೆ ನಮ್ಮ ಊರಿನ ಲ್ಯಾಬು ಅಮೆರಿಕದ ಮಾರ್ಗಸೂಚಿಗೆ ಗೊತ್ತಿಲ್ಲವಲ್ಲ! 2011ರಲ್ಲಿ ಅಕ್ಕನ ಊರಿನಿಂದ ಐಎನ್‌ಆರ್‌ಗೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಿತ್ತು. ಅದನ್ನು ಯೋಚಿಸಿದರೆ ಆ ಸರ್ಜನ್ ಆರಿಸಿದ್ದು ತಪ್ಪೆಂದು ನಾನು ಹೇಳಲಾರೆ. ಹನ್ನೆರಡು ವರ್ಷ ಮಾತ್ರೆಯ ಹಂಗಿಲ್ಲದೆ ಅವಳು ಹೊಲ ನೋಡಿಕೊಂಡಳು, ಮಗಳ ಮದುವೆ ಮಾಡಿದಳು. ನನ್ನ ತಕರಾರು ಹೇಳದೆ ಬಿಟ್ಟಿದ್ದಕ್ಕೆ. ಹೇಳಿದ್ದರೆ ಐದು ವರ್ಷದ ನಂತರ ಆಗಾಗ, ಹತ್ತು ದಾಟಿದ ಮೇಲೆ ವರ್ಷ ವರ್ಷ ಎಕೋ ಮಾಡಿಸುತ್ತಿದ್ದೆವು. ಟಿಶ್ಯೂ ವಾಲ್ವ್ ಹೆಚ್ಚಾಗಿ ನಿಧಾನಕ್ಕೆ ಕೆಡುತ್ತದೆ, ತಯಾರಿಗೆ ಸಮಯ ಕೊಡುತ್ತದೆ. ನಾವು ಆ ಸಮಯವನ್ನು ಕಳೆದುಕೊಂಡೆವು. ಉಸಿರು ಕಟ್ಟಿದ ಮೇಲೆ ಓಡಿಬಂದೆವು.

ಎರಡನೇ ಸಲ ಬೇರೆ ಆಸ್ಪತ್ರೆ. ಸರ್ಜನ್ ಮೊದಲು ಕೇಳಿದ್ದು ವಾಲ್ವ್ ಕಾರ್ಡು. ಊರಿಗೆ ಫೋನು ಮಾಡಿದರೆ ಅಳಿಯ ಟ್ರಂಕು ಜಾಲಾಡಿ, ಹೊಲದ ಪಹಣಿಗಳ ನಡುವಿನಿಂದ ತೆಗೆದು ಫೋಟೋ ಕಳಿಸಿದ. ಕಂಪನಿ, ಸೀರಿಯಲ್ ನಂಬರು, ಅಳತೆ 27 ಮಿಲಿಮೀಟರ್. ತೊಡೆಯ ರಕ್ತನಾಳದ ಮೂಲಕ ಹಳೆಯ ವಾಲ್ವಿನೊಳಗೇ ಹೊಸದನ್ನು ಕೂರಿಸುವ ದಾರಿ ಈಗ ಇದೆ, ಗುಜರಾತಿನ ವಾಪಿಯಲ್ಲಿ ತಯಾರಾಗುವ ವಾಲ್ವೂ ಇದೆ. ಅದಕ್ಕೆ ಈ ಅಳತೆ ಬೇಕೇ ಬೇಕು. ಆದರೆ ಕೊಳವೆಯೊಳಗೆ ಕೊಳವೆ ಕೂತಂತೆ ದಾರಿ ಕಿರಿದಾಗುತ್ತದೆ, ಒಳಗಿನದೂ ಟಿಶ್ಯೂನೇ. 53ರ ಹೆಂಗಸಿಗೆ ಅರವತ್ತರ ನಂತರ ಮೂರನೇ ಸರದಿ ಬರಬಹುದು ಎಂದು ಅವರು ಬಿಡಿಸಿ ಹೇಳಿದರು. ಎರಡನೇ ಸಲ ಎದೆ ತೆರೆಯುವುದು ಮೊದಲಿಗಿಂತ ಕಷ್ಟ, ಹೃದಯ ಎದೆಮೂಳೆಗೆ ಅಂಟಿಕೊಂಡಿರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ತೀರ್ಮಾನ ತಿರುಗಿಸಿದ್ದು ಇಸಿಜಿ. ಅಕ್ಕನ ಹೃದಯದ ಬಡಿತ ತಾಳ ತಪ್ಪಿತ್ತು. ಅದರಿಂದ ಹೆಪ್ಪುಗಟ್ಟುವ ಭಯ ಇರುವುದರಿಂದ ವಾಲ್ವ್ ಯಾವುದೇ ಇರಲಿ, ರಕ್ತ ತೆಳು ಮಾಡುವ ಮಾತ್ರೆ ಹೇಗೂ ಬೇಕೇ ಎಂದರು. ಟಿಶ್ಯೂವಿನ ದೊಡ್ಡ ಲಾಭವೇ ಅವಳ ಪಾಲಿಗೆ ಇರಲಿಲ್ಲ. ರಾಯಚೂರಿನಲ್ಲಿ ಈಗ ಐಎನ್‌ಆರ್ ಮಾಡುವ ಲ್ಯಾಬುಗಳಿವೆ, ಅಳಿಯನ ಹತ್ತಿರ ಮೋಟರ್ ಸೈಕಲ್ ಇದೆ. ಈ ಸಲ ನಾನು ಒಂದು ಮಾತನ್ನೂ ಬಿಡದೆ ತಿರುಗಿಸಿ ಹೇಳಿದೆ. ಅಕ್ಕ ಎರಡು ದಿನ ಯೋಚಿಸಿ ತಾನೇ ಹೇಳಿದಳು: "ಮತ್ತೊಮ್ಮೆ ಎದಿ ಸೀಳಾದು ಬ್ಯಾಡ. ಕಬ್ಬಿಣದ್ದೇ ಹಾಕ್ಲಿ."

ಡಿಸ್ಚಾರ್ಜಿನ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಪುಂಡಿಪಲ್ಲೆ ತಿನ್ಬಹುದ?" ಇಲ್ಲಿನವರ ಗೋಂಗೂರ ಎಂದು ನಾನು ಅನುವಾದಿಸಿದೆ, ಡಾಕ್ಟರು ನಕ್ಕರು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆ ನಿಜ, ಆದರೆ ಬಿಡಬೇಕಾಗಿಲ್ಲ. ಒಂದು ವಾರ ಬುಟ್ಟಿ ತುಂಬ, ಮುಂದಿನ ವಾರ ಏನೂ ಇಲ್ಲ ಎಂದಾಗಬಾರದು. ದಿನಾ ಒಂದೇ ಅಳತೆ ಇರಲಿ ಎಂದರು. ಹಲ್ಲು ಕೀಳಿಸುವ ಮೊದಲು ವಾಲ್ವ್ ಇದೆಯೆಂದು ಹೇಳಿ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು, ಕೇಳದೆ ನೋವಿನ ಗುಳಿಗೆ ನುಂಗಬಾರದು ಎಂದೂ ಬರೆದುಕೊಟ್ಟರು.

ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಪಕ್ಕ ಅವಳ ಐಎನ್‌ಆರ್ ಬರೆದಿರುತ್ತದೆ. ರಾತ್ರಿ ಸದ್ದಡಗಿದಾಗ ಎದೆಯೊಳಗೆ ಟಿಕ್ ಟಿಕ್ ಕೇಳುತ್ತದಂತೆ, ಮೊಮ್ಮಗ ಅದನ್ನು ಕೇಳುತ್ತಲೇ ಮಲಗುತ್ತಾನಂತೆ. ವಾಲ್ವ್ ಕಾರ್ಡು ಟ್ರಂಕಿನಲ್ಲಿಲ್ಲ, ಅವಳ ಎಲೆಅಡಿಕೆ ಚೀಲದಲ್ಲಿದೆ. ಹೋದ ತಿಂಗಳ ಐಎನ್‌ಆರ್ 2.9.