ನೆಲಗುಬ್ಬಿ, ಗೋಧಿ ಬಿಯರು ಮತ್ತು ಏಳೂವರೆ ನಿಮಿಷದ ಹಾಡು

ಫೆಬ್ರವರಿಯ ಕೊನೆಯ ವಾರ, ಸಂಜೆ ಐದೂವರೆ. ಹಲಕರ್ಣಿಯ ಹೊರಗೆ ಗೆಳೆಯರ ಹೊಲದ ಬದುವಿನ ಮೇಲೆ ಕೂತಿದ್ದೇನೆ. ಬಲಕ್ಕೆ ಆಳೆತ್ತರದ ಕಬ್ಬು, ಎಡಕ್ಕೆ ಕಡಲೆ ಕಿತ್ತು ಬರಿದಾದ ಎರೆನೆಲ, ಎದುರಿಗೆ ಏನೂ ಬೆಳೆಯದ ಕಲ್ಲುಮಡ್ಡಿ. ನನಗೆ ಬೇಕಾದದ್ದು ಆ ಮಡ್ಡಿ. ಕೆಂಬಾಲದ ನೆಲಗುಬ್ಬಿ ಅಲ್ಲಿ ಹಾಡುತ್ತದೆ.

ಮೂರು ಸಂಜೆಯಿಂದ ಒಂದೇ ಗಂಡುಹಕ್ಕಿಯನ್ನು ನೋಡುತ್ತಿದ್ದೇನೆ. ಗಾತ್ರ ಗುಬ್ಬಿಯಷ್ಟೇ ಅನ್ನಿ. ಮೈಯೆಲ್ಲ ಮಣ್ಣಿನ ಕಂದು. ಸುಮ್ಮನೆ ಕೂತರೆ ಹೆಂಟೆ ಯಾವುದು, ಹಕ್ಕಿ ಯಾವುದು ಎಂದು ತಿಳಿಯದು. ಎದ್ದಾಗ ಮಾತ್ರ ಬಾಲದ ಇಟ್ಟಿಗೆಗೆಂಪು, ಅದರ ತುದಿಯ ಕಪ್ಪು ಪಟ್ಟಿ ಕಾಣುತ್ತದೆ. ರೆಕ್ಕೆ ಬಡಿಯುತ್ತ ಬಡಿಯುತ್ತ ಮೇಲೇರಿ, ಅಲ್ಲಿಂದ ಅಲೆ ಅಲೆಯಾಗಿ ಇಳಿದು ಏರಿ, ಹಾಡು ಮುಗಿಯುತ್ತಲೇ ಕಲ್ಲು ಬಿದ್ದಂತೆ ನೆಲಕ್ಕೆ ಬರುತ್ತದೆ. ಹಾಡಿನ ನಡುವೆ ಬೇರೆ ಹಕ್ಕಿಗಳ ದನಿಯನ್ನೂ ಕದ್ದು ಸೇರಿಸುತ್ತದೆ.

ಈ ಸಂಜೆ ನನ್ನ ಬಳಿ ಎರಡು ವಸ್ತು ಇವೆ. ಒಂದು, ಪುಣೆಯಿಂದ ಬಂದ ಸೋಸದ ಗೋಧಿ ಬಿಯರಿನ ಬಾಟಲಿ. ಪುಣೆಯಲ್ಲಿ 2009ರಲ್ಲಿ ಡೂಲಾಲಿ ಎಂಬ ಬಿಯರು ತಯಾರಿಸುವ ಸಂಸ್ಥೆ ಶುರುವಾದ ಮೇಲೆ ಈ ಕಡೆಯ ನಾಲಿಗೆಗೆ ಜರ್ಮನಿಯ ಈ ರುಚಿ ಪರಿಚಯವಾಯಿತು. ಇನ್ನೊಂದು, ಪಿಂಕ್ ಫ್ಲಾಯ್ಡ್ ತಂಡದ 1969ರ ಆಲ್ಬಂ ‘ಉಮ್ಮಗುಮ್ಮ’. ಇವೆರಡನ್ನೂ ಜೊತೆ ಮಾಡಬೇಕೆಂದು ಬಹಳ ದಿನದ ಆಸೆ. ಕೋಣೆಯೊಳಗೆ ಕೂತು ಮಾಡುವುದು ಮನಸ್ಸಿಗೆ ಬರಲಿಲ್ಲ.

ಗಾಜಿನ ಲೋಟಕ್ಕೆ ಸುರಿದೆ. ಮಬ್ಬು ಹಳದಿ, ದಪ್ಪ ನೊರೆ, ತಳದಲ್ಲಿ ಯೀಸ್ಟಿನ ಗಸಿ. ಮೂಗಿಗೆ ಬಾಳೆಹಣ್ಣು, ಹಿಂದೆಯೇ ಲವಂಗ. ಬಾಳೆಯನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿಲ್ಲ; ಎರಡೂ ಯೀಸ್ಟಿನ ಕೆಲಸ. ಬಾಳೆಯ ವಾಸನೆಯ ಹೆಸರು ಐಸೋಅಮೈಲ್ ಅಸಿಟೇಟ್. ಎರಡು ನಿಮಿಷ ಆಗಿರಲಿಲ್ಲ, ಲೋಟದ ಅಂಚಿಗೆ ಒಂದು ಹಣ್ಣುನೊಣ ಬಂದು ಕೂತಿತು. ಕೆಂಪು ಕಣ್ಣು, ಎಳ್ಳಿನಷ್ಟು ಮೈ. ನೊರೆ ಒಣಗಿದ ಗೆರೆಯ ಗುಂಟ ಬಾಯಿ ಊರುತ್ತ ನಡೆಯಿತು. ಅದು ಕರೆದೇ ಬಂದ ಅತಿಥಿ. ಬೆಲ್ಜಿಯಂನ ಲೂವೆನ್ ನಗರದ ವಿಜ್ಞಾನಿಗಳು 2014ರಲ್ಲಿ ಈ ವಾಸನೆ ಹುಟ್ಟಿಸುವ ಜೀನನ್ನು ತೆಗೆದ ಯೀಸ್ಟಿನ ಮುಂದೆ ನೊಣಗಳನ್ನು ಬಿಟ್ಟು ನೋಡಿದರು. ನೊಣಗಳಿಗೆ ಅದರತ್ತ ಸೆಳೆತ ತೀರ ಕಡಿಮೆಯಾಗಿತ್ತು. ಯೀಸ್ಟಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಇನ್ನೊಂದು ಹಣ್ಣಿಗೆ ಹೋಗಲು ಅದಕ್ಕೆ ನೊಣವೇ ಗಾಡಿ. ನಾವು ಸವಿಯುವ ಪರಿಮಳ ಮೂಲತಃ ನೊಣಕ್ಕೆ ಬರೆದ ಓಲೆ.

ಜೇನಿಗೆ ಮಾತ್ರ ಇದೇ ವಾಸನೆ ಅಪಾಯದ ಕೂಗು. ಕುಟುಕಿದ ಹುಳು ಇದನ್ನೇ ಬಿಟ್ಟು ಉಳಿದವನ್ನು ಕರೆಯುತ್ತದೆ. ಅದಕ್ಕೇ ಹೆಜ್ಜೇನು ಕಟ್ಟಿದ ಮರದ ನೆರಳು ಬಿಟ್ಟು ದೂರದ ಬದುವಿಗೆ ಬಂದಿದ್ದೇನೆ.

ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ. ಗೂಡಿನ ಕಾಲದಲ್ಲಿ ಹಕ್ಕಿಯ ದನಿಯನ್ನು ಬಯಲಲ್ಲಿ ಜೋರಾಗಿ ಹಾಕಬಾರದು. ಎದುರಾಳಿ ಬಂದನೆಂದು ಗಂಡು ಕಂಗಾಲಾಗುತ್ತದೆ. ಹಾಡು ‘ಗ್ರಾಂಚೆಸ್ಟರ್ ಮೆಡೋಸ್’, ರೋಜರ್ ವಾಟರ್ಸ್ ಬರೆದದ್ದು, ಕೇಂಬ್ರಿಜ್ ಪಕ್ಕದ ಹೊಳೆದಂಡೆಯ ಹುಲ್ಲುಗಾವಲಿನ ಮೇಲೆ. ಗಿಟಾರಿನ ಹಿಂದೆ ಬಾನಾಡಿಯೊಂದು (ಸ್ಕೈಲಾರ್ಕ್) ಬಿಡದೆ ಹಾಡುತ್ತದೆ. ಬಲಗಿವಿಯಲ್ಲಿ ಇಂಗ್ಲೆಂಡಿನ ಆ ಬಾನಾಡಿ, ಎಡಗಿವಿಯಲ್ಲಿ ಅದೇ ಕುಟುಂಬದ ಹಲಕರ್ಣಿಯ ನೆಲಗುಬ್ಬಿ. ಅದರದು ನೀರು ಸುರಿದಂತೆ ಎಡೆಬಿಡದ ಧಾರೆ. ಇದರದು ತುಂಡು ತುಂಡು ಸಿಳ್ಳೆ.

ಕುರಿ ಹೊಡೆದುಕೊಂಡು ಬಂದ ಅಜ್ಜ ನಿಂತರು. “ಏನ್ ಕೇಳಾಕತ್ತೀರಿ ತಮ್ಮಾ?” ಇಯರ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. “ಹಾಡೋ ಮನಶ್ಯಾನ ಬಿಡ್ರಿ, ಹಿಂದಿನ ಹಕ್ಕಿ ಚಲೋ ಐತಿ. ಯಾ ಊರಿಂದು?” ಇಂಗ್ಲೆಂಡಿನದು ಎಂದೆ. “ಅಲ್ಲೂ ಮಡ್ಡಿ ಐತೇನ್ರಿ?”

ಸರಿಯಾದ ಪ್ರಶ್ನೆ. ಹಾಡು ಬಂದ ಮೇಲಿನ ವರ್ಷಗಳಲ್ಲಿ ಇಂಗ್ಲೆಂಡಿನ ಬಾನಾಡಿಗಳು ಅರ್ಧಕ್ಕಿಂತ ಹೆಚ್ಚು ಅಳಿದವು. ಮೊದಲು ವಸಂತದಲ್ಲಿ ಬಿತ್ತುತ್ತಿದ್ದ ಕಾಳನ್ನು ರೈತರು ಚಳಿಗಾಲಕ್ಕೆ ಮುಂಚೆಯೇ ಬಿತ್ತತೊಡಗಿದರು. ಹಕ್ಕಿ ಎರಡನೆಯ ಸಲ ಮೊಟ್ಟೆಯಿಡುವ ಹೊತ್ತಿಗೆ ಪೈರು ಎತ್ತರ, ದಟ್ಟ, ನೆಲಕ್ಕಿಳಿಯಲು ಜಾಗವಿಲ್ಲ. ಬಿಯರಿನ ಜವೆಗೋಧಿಯಾದರೆ ಅಲ್ಲಿ ಇಂದಿಗೂ ಹೆಚ್ಚಾಗಿ ವಸಂತದ ಬೆಳೆ, ಬಾನಾಡಿಗೆ ಒಗ್ಗುವ ಗಿಡ್ಡ ಪೈರು. ಈಗ ಕೆಲವರು ಬಿತ್ತುವಾಗ ಕೂರಿಗೆ ಯಂತ್ರವನ್ನು ತುಸು ಎತ್ತಿ ಹಿಡಿದು, ಹೊಲದ ನಡುವೆ ಸುಮಾರು 16 ಚದರ ಮೀಟರಿನ ಖಾಲಿ ತುಂಡು ಬಿಡುತ್ತಾರೆ. ಅಷ್ಟರಲ್ಲೇ ಹಕ್ಕಿ ಮರಳಿ ಇಳಿಯುತ್ತದೆ.

ಹಾಡಿನ ಕೊನೆಗೆ ನೊಣವೊಂದು ಗುಂಯ್‌ಗುಡುತ್ತದೆ. ಯಾರೋ ಮೆಟ್ಟಿಲಿಳಿದು ಓಡಿಬರುವ ಸಪ್ಪಳ, ಪಟ್ಟನೆ ಒಂದು ಏಟು, ಮೌನ. ನನ್ನ ಲೋಟದ ನೊಣವನ್ನು ಬೆರಳಿಂದ ಮೆಲ್ಲಗೆ ಸರಿಸಿದೆ, ಹಾರಿಹೋಯಿತು. ಈ ಆಲ್ಬಮ್ಮಿಗೆ ಈ ಬಿಯರೇ ಸರಿ. ಒಂದರಲ್ಲಿ ಹಕ್ಕಿಯ ಕರೆ, ಇನ್ನೊಂದರಲ್ಲಿ ಯೀಸ್ಟಿನ ಕರೆ. ಎರಡೂ ಹೊಲದ್ದೇ.

ಬಲಗಡೆಯ ಕಬ್ಬಿನೊಳಗೆ ಒಂದು ನೆಲಗುಬ್ಬಿಯೂ ಇಳಿದದ್ದನ್ನು ಮೂರು ದಿನದಲ್ಲಿ ಕಾಣಲಿಲ್ಲ. ಅವು ಗೂಡು ಮಾಡುವುದು ಬಯಲಲ್ಲೇ, ಹೆಂಟೆಯ ಮರೆಗೆ, ಹುಲ್ಲಿನ ಬುಡಕ್ಕೆ. ನಿಮ್ಮ ಹೊಲದಂಚಿಗೆ ಇಂಥ ಮಡ್ಡಿ ಇದ್ದರೆ ಫೆಬ್ರವರಿಯಿಂದ ಮೇ ತನಕ ಅದಕ್ಕೆ ಬೆಂಕಿ ಇಡಬೇಡಿ, ಟ್ರ್ಯಾಕ್ಟರ್ ಹಾಯಿಸಬೇಡಿ.